ಬಾಟಲಿಯಲ್ಲಿದ್ದ ಕೂದಲು

ಹದಿನೇಳನೇ ತಟ್ಟೆಯ ಮುಚ್ಚಳ ತೆಗೆದದ್ದೇ ತಡ, ಮಾಗಿದ ದ್ರಾಕ್ಷಿಯ ವಾಸನೆ ಮೂಗಿಗೆ ಬಡಿಯಿತು.

"ಮೂಸಿ ನೋಡು ಮಗಳೇ," ಎಂದರು ಡಾನ್ ತಿಯೊಫಿಲೊ. ಈ ಪ್ರಯೋಗಾಲಯದಲ್ಲಿ ನಲವತ್ತು ವರ್ಷ ಕ್ರಿಮಿ ಬೆಳೆಸಿದ ಮುದುಕ ಆತ. ಕಣ್ಣು ಮಂಜಾದರೂ ಮೂಗು ಇನ್ನೂ ಚುರುಕು. "ಮಿಕ್ಕ ಇಪ್ಪತ್ತೊಂದು ತಟ್ಟೇಲೂ ಮಾಮೂಲಿ ಕಸ. ಇದೊಂದರಲ್ಲಿ ಮಾತ್ರ ನಮ್ಮ ಹಸಿರು ಮಹಾರಾಯ ಕೂತಿದ್ದಾನೆ. ಆ ನಾಲ್ಕು ಜನರ ಕಫದಲ್ಲಿ ಸಿಕ್ಕಿದ್ದು ಇವನೇ."

ನಾಲ್ಕು ಜನ. ಹದಿನೈದು ದಿನಗಳಲ್ಲಿ ಮೂರನೇ ನಂಬರಿನ ಆಂಬುಲೆನ್ಸಿನಲ್ಲಿ ಬಂದು ಶ್ವಾಸಕೋಶಕ್ಕೆ ಒಂದೇ ಸೋಂಕು ಹತ್ತಿಸಿಕೊಂಡವರು. ಅವರಲ್ಲಿ ಇಬ್ಬರು ಈಗಾಗಲೇ ಮಣ್ಣು ಸೇರಿದ್ದರು.

"ಹದಿನೇಳು ಯಾವ ಜಾಗ?" ಎಂದು ನಿಮಿಯಾ ಕೇಳಿದಳು. ಅವಳಿಗೆ ಗೊತ್ತಿಲ್ಲವೆಂದಲ್ಲ. ಸೋಮವಾರ ಆ ಗಾಡಿಯೊಳಗೆ ಮಂಡಿಯೂರಿ ಸ್ಟ್ರೆಚರಿನ ಬೆಲ್ಟು, ಬಾಗಿಲ ಹಿಡಿ, ಸ್ಟೇರಿಂಗು ಎಂದು ಇಪ್ಪತ್ತೆರಡು ಕಡೆ ಹತ್ತಿಕಡ್ಡಿ ಉಜ್ಜಿದವಳು ಅವಳೇ. ಆದರೂ ಇನ್ನೊಬ್ಬರ ಬಾಯಿಂದ ಕೇಳುವ ಆಸೆ.

"ಆಮ್ಲಜನಕದ ನೀರಿನ ಬಾಟಲಿ."

ಸಿಲಿಂಡರಿನಿಂದ ಬರುವ ಒಣ ಗಾಳಿ ಆ ಬಾಟಲಿಯ ನೀರಿನಲ್ಲಿ ಗುಳುಗುಳು ಎಂದು ಹಾದು, ತೇವವಾಗಿ ರೋಗಿಯ ಮೂಗು ಸೇರಬೇಕು. ಅದಕ್ಕೆ ಹಾಕಬೇಕಾದದ್ದು ಸೀಲ್ ಮಾಡಿದ ಶುದ್ಧ ನೀರು ಮಾತ್ರ. ಬೇರೆ ನೀರು ಹಾಕಿದರೆ ಕ್ರಿಮಿಯನ್ನು ಕೈಯಾರೆ ಎದೆಯೊಳಗೆ ಊದಿದ ಹಾಗೆಯೇ.

ಬಾಟಲಿಯ ತಳದಲ್ಲಿ ಅವಳಿಗೆ ಇನ್ನೊಂದು ವಸ್ತುವೂ ಸಿಕ್ಕಿತ್ತು. ಲೋಳೆಗೆ ಅಂಟಿಕೊಂಡಿದ್ದ ಸಣ್ಣ ಎಳೆ. ಅರ್ಧ ಬೆರಳುದ್ದ, ತೆಳ್ಳಗೆ, ಕಂದು ಬಣ್ಣ. ಅದನ್ನು ಚಿಮುಟದಿಂದ ಎತ್ತಿ ಗಾಜಿನ ಕುಪ್ಪಿಯಲ್ಲಿಟ್ಟು, ಮೂರು ದಿನದಿಂದ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು.

"ಇದೂ ಅದೇ ಬಾಟಲಿಯದು. ಹೆಂಗಸಿನ ಕೂದಲು," ಎಂದು ಕುಪ್ಪಿಯನ್ನು ಮೇಜಿನ ಮೇಲಿಟ್ಟಳು.

"ಹೆಂಗಸಿನದು ಅಂತ ನಿನಗೆ ಕೂದಲು ಹೇಳ್ತಾ?" ಮುದುಕ ಕನ್ನಡಕದ ಮೇಲಿಂದ ನೋಡಿದರು. "ಹೋಲಿಸೋಕೆ ಇನ್ನೊಂದು ತಂದುಕೊಡು. ಸೂಕ್ಷ್ಮದರ್ಶಕ ಸುಳ್ಳು ಹೇಳಲ್ಲ. ನೀನು ಹೇಳ್ತೀಯ."

ನಿಮಿಯಾ ಅಯಾಲಾ ಪುವೆರ್ತೊ ಇತಾಕುವಾ ಆಸ್ಪತ್ರೆಯ ಸೋಂಕು ತಡೆ ವಿಭಾಗದ ಮುಖ್ಯ ನರ್ಸು. ಮಧ್ಯಾಹ್ನ ಮೂರಕ್ಕೆ ಅವಳು ನಿರ್ದೇಶಕರ ಮೇಜಿನ ಮೇಲೆ ವರದಿ ಇಡಬೇಕಿತ್ತು. ವರದಿಯಲ್ಲಿ ಒಂದು ಹೆಸರು ಇರಬೇಕಿತ್ತು. ಆ ಹೆಸರಿನವರ ಪರವಾನಗಿ ಇವತ್ತೇ ರದ್ದು. ಮತ್ತೆ ಜನ್ಮದಲ್ಲಿ ಆಂಬುಲೆನ್ಸ್ ಹತ್ತುವ ಹಾಗಿಲ್ಲ.

ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಮಗ್ನೋಲಿಯಾ. ಮೂರನೇ ಗಾಡಿಯ ತುರ್ತು ಸಹಾಯಕಿ, ಕಂದು ಕೂದಲಿನವಳು. ಅದೇ ಗಾಡಿಯ ಚಾಲಕ ಡೆರ್ಲಿಸ್. ಡೆರ್ಲಿಸ್ ನಿಮಿಯಾಳ ಗಂಡ.

ಇಷ್ಟು ಹೇಳಿದ ಮೇಲೆ ಅವಳ ಹೊಟ್ಟೆಯುರಿಯ ಬಗ್ಗೆ ಬೇರೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಈ ಕೇಸಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಮೂರನೇ ಮಹಡಿಯ ತನ್ನ ಕಿಟಕಿಯಿಂದ ಅವಳು ದಿನವೂ ಅಂಗಳ ನೋಡುತ್ತಿದ್ದಳು. ಮಾವಿನ ಮರದಡಿ ಡೆರ್ಲಿಸ್ ತೆರೆರೆ ಬಡಿಸುತ್ತಿದ್ದ. ಕೊಂಬಿನ ಲೋಟದ ತುಂಬ ಎಲೆಪುಡಿ, ಮೇಲೆ ಥರ್ಮೋಸಿನಿಂದ ಐಸ್ ನೀರು, ಹೀರಲು ಒಂದೇ ನಳಿಗೆ, ಎಲ್ಲರ ಬಾಯಿಗೂ ಅದೇ. ಮೊದಲ ನೀರು ಸಂತ ತೋಮಾಸನ ಪಾಲು, ಅದನ್ನು ಯಾರೂ ಕುಡಿಯುವುದಿಲ್ಲ. ಎರಡನೆಯದು ಮಗ್ನೋಲಿಯಾಳ ಕೈಗೆ ಹೋಗುತ್ತಿತ್ತು.

ಮನೆಯಲ್ಲಿ ಅವನು ತನ್ನ ಹೆಂಡತಿಗೆ ಲೋಟ ನೀಡದೆ ಐದು ತಿಂಗಳಾಗಿತ್ತು. ಕೇಳಿದರೆ "ಗಂಟಲು ಸರಿಯಿಲ್ಲ" ಎನ್ನುತ್ತಿದ್ದ. ಅಂಗಳಕ್ಕೆ ಬಂದರೆ ಗಂಟಲು ತಂತಾನೇ ಸರಿಹೋಗುತ್ತಿತ್ತು.

ಅವಳು ಮಾಡಬಹುದಾದ್ದನ್ನೆಲ್ಲ ಮಾಡಿದ್ದಳು. ಹೊಸ ಸೋಪು, ಹೊಸ ಬ್ಲೌಸು, ಭಾನುವಾರ ಬೆಳಗಾಗುವ ಮುಂಚೆ ಎದ್ದು ಚೀಪಾ ರೊಟ್ಟಿ ಸುಡುವುದು. ಕೊನೆಗೆ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದನ್ನೂ ಮಾಡಿದ್ದಳು. ಮೂರು ವಾರದ ಹಿಂದೆ ಮಾರುಕಟ್ಟೆಯ ಹಿಂದಿನ ಬ್ಲಾಸಿದಾ ಅಜ್ಜಿ ಕೆಂಪು ನೂಲು ಸುತ್ತಿದ ಕಡಲೆಕಾಳಿನಷ್ಟು ಪುಟ್ಟ ಗಂಟು ಕೊಟ್ಟಿದ್ದಳು. "ಬಿಚ್ಚಿ ನೋಡ್ಬೇಡ, ಫಲ ಹೋಗ್ಬಿಡುತ್ತೆ. ಅವನು ದಿನಾ ಬಾಯಿಗಿಡೋದರ ಹತ್ರ ಬಚ್ಚಿಡು," ಎಂದಿದ್ದಳು. ಕ್ರಿಮಿ ಶಾಸ್ತ್ರ ಓದಿದ ನಿಮಿಯಾ ಬಿಚ್ಚಿ ನೋಡದೆ ಬಚ್ಚಿಟ್ಟಿದ್ದಳು.

ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯಲ್ಲಿ ಪೆತ್ರೋನಾ ಸಿಕ್ಕಿದಳು. ಮಕ್ಕಳ ವಾರ್ಡಿನ ಮುಖ್ಯ ನರ್ಸು, ನರ್ಸಿಂಗ್ ಶಾಲೆಯ ದಿನಗಳಿಂದ ಜೀವದ ಗೆಳತಿ. "ನಿನ್ನ ಗಂಡ ಎರಡನೇ ಲೋಟ ಯಾರಿಗೆ ಕೊಡ್ತಾನೆ, ಸ್ವಲ್ಪ ಕಿಟಕಿಯಿಂದ ನೋಡು" ಎಂದು ಮೊದಲು ಕಿವಿಗೆ ಹಾಕಿದವಳು ಅವಳೇ. ಬ್ಲಾಸಿದಾ ಅಜ್ಜಿಯ ಮನೆಗೆ ಕೈಹಿಡಿದು ಕರೆದುಕೊಂಡು ಹೋದವಳೂ ಅವಳೇ.

"ಮುಖ ಯಾಕೆ ಹೀಗೆ ಬಾಡಿಸ್ಕೊಂಡಿದ್ದೀಯೇ?" ಪೆತ್ರೋನಾ ಅವಳ ಕೆನ್ನೆ ತಟ್ಟಿದಳು. "ಹೆಸರು ಬರೆದು ಸಹಿ ಹಾಕ್ಬಿಡು ಕಣೇ. ಪೀಡೆ ತೊಲಗುತ್ತೆ, ನೀನೂ ನೆಮ್ಮದಿಯಾಗಿ ನಿದ್ದೆ ಮಾಡ್ತೀಯ."

"ಹಾಕ್ತೀನಿ. ಒಂದು ಕೂದಲು ಬೇಕು, ಅಷ್ಟೇ."

"ಒಂದೇ ಸಾಕಾ? ಜುಟ್ಟೇ ಕಿತ್ಕೊಂಡು ಬಾ." ಪೆತ್ರೋನಾ ನಕ್ಕಳು. ಹೊರಟವಳು ತಿರುಗಿ, "ಹಾಂ, ನಮ್ಮಲ್ಲಿ ಎರಡು ಮಕ್ಕಳಿಗೆ ನಿನ್ನೆಯಿಂದ ಜ್ವರ. ಮಾಮೂಲಿ ನೆಗಡಿ ಇರ್ಬೇಕು. ಪುರುಸೊತ್ತಾದಾಗ ಬಂದು ನೋಡು," ಎಂದಳು.

ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ಮೂರನೇ ಗಾಡಿಗೆ ಹಳದಿ ಪಟ್ಟಿ ಕಟ್ಟಿ ಮೂಲೆಗೆ ನಿಲ್ಲಿಸಿದ್ದರು. ಮಾವಿನ ಮರದಡಿ ಕೂತಿದ್ದ ಡೆರ್ಲಿಸ್ ಹೆಂಡತಿಯನ್ನು ಕಂಡವನೇ ಎದ್ದ.

"ಐದನೇ ಗಾಡಿಗೆ ಡೀಸೆಲ್ ಹಾಕಿಸ್ಬೇಕು," ಎಂದು ಯಾರಿಗೋ ಹೇಳಿದಂತೆ ಹೇಳಿ, ಚರ್ಮದ ಹೊದಿಕೆಯ ಥರ್ಮೋಸನ್ನು ಕಂಕುಳಲ್ಲಿ ಇರುಕಿಕೊಂಡು ಕಟ್ಟಡದ ಹಿಂಬಾಗಿಲ ಕಡೆ ಜಾರಿಕೊಂಡ. ಡೀಸೆಲ್ ಸಿಗುವುದು ಗೇಟಿನ ಆಚೆ. ನಿಮಿಯಾಳ ಕಣ್ಣಿಗೆ ಅದು ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ತಲೆಯ ತುಂಬ ಮಗ್ನೋಲಿಯಾ ಇದ್ದಳು.

ಮಗ್ನೋಲಿಯಾ ಐದನೇ ಗಾಡಿಯ ಸ್ಟ್ರೆಚರನ್ನು ಹೊರಗೆಳೆದು, ಬೆಲ್ಟಿನ ಮಡಿಕೆ ಮಡಿಕೆಯನ್ನೂ ಬಿಡಿಸಿ ಒರೆಸುತ್ತಿದ್ದಳು.

"ಬನ್ನಿ ಲಿಸೆನ್ಸಿಯಾದಾ," ಎಂದಳು. ಪದವಿ ಓದಿದ ನರ್ಸುಗಳನ್ನು ಎಲ್ಲರೂ ಹಾಗೇ ಕರೆಯುವುದು, ಆದರೆ ಇವಳ ಬಾಯಲ್ಲಿ ಅದು ಚುಚ್ಚುತ್ತಿತ್ತು. "ಇವತ್ತು ಹತ್ತಿ ಎಲ್ಲಿಗೆ ತುರುಕ್ತೀರಿ? ಸೀಟಿನ ಅಡಿ ಆಯ್ತು, ಗ್ಲೌಸ್ ಡಬ್ಬ ಆಯ್ತು. ನನ್ನ ಮೂಗೊಂದು ಬಾಕಿ."

"ಬಾಯಿ ಬಿಗಿ ಹಿಡಿ. ಬಾಟಲಿಗೆ ನೀರು ಹಾಕಿದ್ದು ಯಾರು?"

"ನಾನಲ್ಲ."

"ಗಾಡಿಯ ಹಿಂಭಾಗ ನಿನ್ನ ಜವಾಬ್ದಾರಿ. ನೀನಲ್ಲದೆ ಇನ್ಯಾರು?"

ಮಗ್ನೋಲಿಯಾ ಬಟ್ಟೆ ಕೆಳಗಿಟ್ಟಳು. "ಸೀಲ್ ಮಾಡಿದ ನೀರು ಸಿಗದಿದ್ರೆ ಬಾಟಲಿ ಒರೆಸಿ ಖಾಲಿ ಇಡಿ, ಹತ್ತಿಪ್ಪತ್ತು ನಿಮಿಷದ ದಾರಿಗೆ ಒಣ ಆಮ್ಲಜನಕದಿಂದ ಯಾರೂ ಸಾಯಲ್ಲ. ಹಾಗಂತ ಕಲಿಸಿದ್ದು ಯಾರು? ನೀವೇ. ಮಾರ್ಚ್ ತಿಂಗಳ ತರಬೇತೀಲಿ. ನಾನು ಮುಂದಿನ ಸಾಲಲ್ಲಿ ಕೂತು ಬರ್ಕೊಂಡಿದ್ದೆ. ಮೂರು ವಾರದಿಂದ ನನ್ನ ಪಾಳಿ ಮುಗಿದಾಗೆಲ್ಲ ಬಾಟಲಿ ಖಾಲಿ ಮಾಡೇ ಇಳಿದಿದ್ದೀನಿ."

"ಖಾಲಿ ಬಾಟಲಿಯ ತಳದಲ್ಲಿ ನಿನ್ನ ಕೂದಲು ಹೇಗೆ ಬಂತು?"

ಮಗ್ನೋಲಿಯಾ ಟೋಪಿ ತೆಗೆದು, ಕಿವಿಯ ಹಿಂದಿನಿಂದ ಒಂದು ಕೂದಲನ್ನು ಬುಡಸಮೇತ ಕಿತ್ತು, ನಿಮಿಯಾಳ ಅಂಗೈ ಹಿಡಿದು ಅದರ ಮೇಲಿಟ್ಟಳು.

"ತಗೊಳ್ಳಿ. ಬುಡ, ತುದಿ ಎಲ್ಲಾ ಇದೆ. ಹೋಲಿಸಿ ನೋಡಿ. ನನ್ನದೇ ಆದ್ರೆ ನನ್ನ ಹೆಸರನ್ನ ದಪ್ಪಕ್ಷರದಲ್ಲಿ ಬರೀರಿ. ಈ ಕೆಲಸಕ್ಕೆ ಆರು ವರ್ಷ ಕಾದಿದ್ದೀನಿ, ಆರು ವರ್ಷ. ಸುಮ್ಮಸುಮ್ಮನೆ ಕಳ್ಕೊಳ್ಳಲ್ಲ."

ಹೇಳಬಾರದೆಂದುಕೊಂಡಿದ್ದ ಮಾತು ನಿಮಿಯಾಳ ಬಾಯಿಂದ ಹೊರಬಿತ್ತು.

"ನನ್ನ ಗಂಡ ದಿನಾ ನಿನ್ನ ಕೈಗೆ ಲೋಟ ಕೊಡೋದನ್ನ ನಾನು ಕಣ್ಣಾರೆ ನೋಡಿದ್ದೀನಿ ಕಣೇ!"

"ಕೊಡೋದು ನೋಡಿದ್ರಿ. ನಾನು ಗ್ರಾಸಿಯಾಸ್ ಅಂದಿದ್ದು ಕೇಳಿಸ್ತಾ?"

ತೆರೆರೆ ಕೂಟದಲ್ಲಿ ಲೋಟ ಹಿಂತಿರುಗಿಸುತ್ತ ಗ್ರಾಸಿಯಾಸ್ ಅಂದರೆ ಅದು ಬರೀ ಉಪಕಾರದ ಮಾತಲ್ಲ. ನನಗೆ ಸಾಕು, ಇನ್ನು ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದರ್ಥ. ಹಾಲು ಕುಡಿಯುವ ಮಗುವಿಗೂ ಅದು ಗೊತ್ತು. ಆದರೆ ಮೂರನೇ ಮಹಡಿಯ ಕಿಟಕಿಗೆ ಕೈ ಕಾಣುತ್ತದೆ, ಮಾತು ಕೇಳುವುದಿಲ್ಲ.

"ಎಲ್ಲರ ಎಂಜಲು ಒಂದೇ ನಳಿಗೇಲಿ ಕುಡಿಯೋದು ನನಗಾಗಲ್ಲ. ಇದೂ ನಿಮ್ಮ ತರಬೇತಿಯ ಪುಣ್ಯಾನೇ," ಎಂದಳು ಮಗ್ನೋಲಿಯಾ. "ಅವನು ಮರ್ಯಾದೆಗೆ ನೀಡ್ತಾನೆ. ನಾನು ಮರ್ಯಾದೆಗೆ ಮುಟ್ಟಿ, ಗ್ರಾಸಿಯಾಸ್ ಅಂದು ವಾಪಸ್ ಕೊಡ್ತೀನಿ."

"ಹಾಗಾದ್ರೆ ಅವನು ಯಾರ..." ನಿಮಿಯಾ ನಾಲಿಗೆ ಕಚ್ಚಿಕೊಂಡಳು.

ಮಗ್ನೋಲಿಯಾಳ ಮುಖದಲ್ಲಿ ಮೊದಲ ಬಾರಿಗೆ ಕನಿಕರ ಕಾಣಿಸಿತು. ನಿಮಿಯಾಗೆ ಅವಳ ಬೈಗುಳಕ್ಕಿಂತ ಅದರಿಂದಲೇ ಹೆಚ್ಚು ನೋವಾಯಿತು. "ನನ್ನನ್ನ ಕೇಳ್ಬೇಡಿ. ಆ ಮಾತು ನನ್ನ ಬಾಯಿಂದ ಬರೋದು ಬೇಡ. ನೀವು ನಿಮ್ಮ ಮೇಜಿನ ಡ್ರಾಯರ್ ನೋಡ್ಕೊಳ್ಳಿ. ನೀರಿನ ಬಾಟಲಿ ಬೇಕು ಅಂತ ನಾನು ಮೂರು ಸಲ ಚೀಟಿ ಬರೆದೆ. ಉಗ್ರಾಣದವರು ಕೊಡ್ಬೇಕಾದ್ರೆ ನಿಮ್ಮ ಸಹಿ ಬೇಕು. ಚೀಟಿ ಎಲ್ಲಿ ಹೋಯ್ತು, ಲಿಸೆನ್ಸಿಯಾದಾ?"

ಅಷ್ಟರಲ್ಲಿ ತುರ್ತು ಕರೆಯ ಗಂಟೆ ಹೊಡೆಯಿತು. ನದಿ ದಂಡೆಯ ಬೆಸ್ತರ ಕೇರಿಯಲ್ಲಿ ಮುದುಕಿಯೊಬ್ಬಳಿಗೆ ಉಸಿರು ಕಟ್ಟಿದೆಯಂತೆ. ಎಲ್ಲಿದ್ದನೋ ಡೆರ್ಲಿಸ್ ಓಡಿಬಂದು ಸ್ಟೇರಿಂಗ್ ಹಿಡಿದ, ಮಗ್ನೋಲಿಯಾ ಹಿಂದೆ ಹತ್ತಿದಳು. ಐದನೇ ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು.

ಚೀಟಿಗಳು ಡ್ರಾಯರಿನಲ್ಲೇ ಇದ್ದವು. ಅದು ನಿಮಿಯಾಗೆ ಚೆನ್ನಾಗಿ ಗೊತ್ತಿತ್ತು. ಆ ದುಂಡು ಅಕ್ಷರ, ಕೆಳಗೆ ಮಗ್ನೋಲಿಯಾ ಎಂಬ ಉದ್ದ ಸಹಿ. ಕಂಡಾಗಲೆಲ್ಲ ಮೈ ಉರಿದು ಮೂರನ್ನೂ ಒಂದರ ಮೇಲೊಂದು ಒಳಗೆ ತಳ್ಳಿದ್ದಳು. ನಾಳೆ ನೋಡೋಣ, ಕಾಯಲಿ ಎಂದುಕೊಂಡಿದ್ದಳು. ಅವಳ ಸಹಿಗಾಗಿ ಉಗ್ರಾಣದಲ್ಲಿ ನೀರು ಕಾಯುತ್ತ ಕೂತಿತ್ತು, ಇತ್ತ ಇಬ್ಬರು ಸತ್ತಿದ್ದರು.

ಆದರೂ ಅಂಗೈಯಲ್ಲಿ ಕೂದಲಿತ್ತು. ಬಾಟಲಿಯದೂ ಮಗ್ನೋಲಿಯಾಳದೇ ಆಗಲಿ ದೇವರೇ ಎಂದು ಬೇಡಿಕೊಳ್ಳುತ್ತ ಅವಳು ಮೆಟ್ಟಿಲು ಹತ್ತಿದಳು.

ಡಾನ್ ತಿಯೊಫಿಲೊ ಎರಡನ್ನೂ ಒಂದೇ ಗಾಜಿನ ಮೇಲಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು.

"ಬಾ, ನೀನೂ ನೋಡು. ಇದು ನೀನು ಈಗ ತಂದದ್ದು, ಅಪ್ಪಟ ಕೂದಲು. ಆದರೆ ಬಾಟಲೀದು? ಕವಲು ಕವಲಾಗಿದೆ, ನೋಡಿದ್ಯಾ? ಕೊಕ್ಕೆ ಕೊಕ್ಕೆ. ಇದು ಕೂದಲೇ ಅಲ್ಲ ಮಗಳೇ. ಗರಿ."

"ಗರಿನಾ?"

"ಹಕ್ಕಿ ಗರಿಯ ಚೂರು. ಕಂದು, ಬಿಳಿ ಮಚ್ಚೆ. ನಾನು ಹಳ್ಳಿಯಲ್ಲಿ ಹುಟ್ಟಿದವನು, ನನಗೆ ಪುಸ್ತಕ ಬೇಡ. ಕವುರೆ ಇದು, ಮುಷ್ಟಿಗಾತ್ರದ ಗೂಬೆ. ಗಂಡ ಕೈತಪ್ತಾನೆ ಅಂತ ಅನುಮಾನ ಬಂದ ಹೆಂಗಸರು ಇದರ ಗರಿ ಹುಡುಕ್ಕೊಂಡು ಹೋಗ್ತಾರೆ. ನಮ್ಮಜ್ಜಿ ಕಾಲದ ಮಾಟ. ಯಾವ ಕೊಟ್ಟಿಗೆ, ಯಾವ ಹಿಕ್ಕೆಯಿಂದ ಹೆಕ್ಕಿದ್ದೋ, ಇದೊಂದು ಸಾಕು ನೀರು ಹಾಳಾಗೋಕೆ." ಅವರು ಕಣ್ಣೊರೆಸಿಕೊಂಡರು. "ಯಾವಳೋ ಹುಚ್ಚಿ! ಗಂಡನ್ನ ಕಟ್ಟಿಹಾಕೋಕೆ ಹೋಗಿ ಇಬ್ಬರನ್ನ ಕೊಂದಿದ್ದಾಳೆ. ಇಲ್ಲಿ ನೋಡು, ತುದೀಲಿ ಇನ್ನೂ ನೂಲು ಅಂಟ್ಕೊಂಡಿದೆ. ಕೆಂಪು ನೂಲು."

ನಿಮಿಯಾ ಮೇಜನ್ನು ಹಿಡಿದುಕೊಂಡಳು.

ಕಡಲೆಕಾಳಿನಷ್ಟು ಗಂಟು. ಅವನು ದಿನಾ ಬಾಯಿಗಿಡುವುದರ ಹತ್ತಿರ. ಅವಳು ಅದನ್ನು ಬಚ್ಚಿಟ್ಟಿದ್ದು ಗಂಡನ ಥರ್ಮೋಸಿನ ಮುಚ್ಚಳದೊಳಗೆ, ರಬ್ಬರು ಬಿಲ್ಲೆಯ ಹಿಂದೆ. ನೂಲು ನೆನೆದಿದೆ, ಬಿಚ್ಚಿಕೊಂಡಿದೆ, ನೀರಿಗೆ ಬಿದ್ದಿದೆ. ಆ ನೀರನ್ನೇ ಯಾರೋ ಗಾಡಿಯ ಬಾಟಲಿಗೆ ಸುರಿದಿದ್ದಾರೆ.

"ಮಗಳೇ, ಬೆವರ್ತಿದ್ದೀಯಲ್ಲ?"

ಅವಳ ತಲೆಯಲ್ಲಿ ಒಂದೇ ಯೋಚನೆ. ಡೆರ್ಲಿಸ್ ಈಗ ಐದನೇ ಗಾಡಿಯಲ್ಲಿದ್ದಾನೆ. ಥರ್ಮೋಸು ಅವನ ಜೊತೆಗಿರುತ್ತದೆ. ಹಿಂದೆ ಉಸಿರು ಕಟ್ಟಿದ ಮುದುಕಿ ಮಲಗಿದ್ದಾಳೆ.

ಮೂರು ಮಹಡಿ ಹೇಗೆ ಇಳಿದಳೋ. ಗೇಟಿನ ಪಕ್ಕದ ರೇಡಿಯೋ ಗೂಡಿಗೆ ನುಗ್ಗಿ ಮೈಕು ಕೈಗೆತ್ತಿಕೊಂಡಳು. ಆ ರೇಡಿಯೋ ತುರ್ತು ವಿಭಾಗಕ್ಕೆ ಕೇಳುತ್ತದೆ, ಎಲ್ಲಾ ಗಾಡಿಗಳಿಗೂ ಕೇಳುತ್ತದೆ, ನಿರ್ದೇಶಕರ ಕೋಣೆಗೂ ಕೇಳುತ್ತದೆ. ಸುಮ್ಮನಿದ್ದರೆ ಮೂರು ಗಂಟೆಗೆ ಮಗ್ನೋಲಿಯಾಳ ಹೆಸರು ಬರೆಯಬಹುದು. ಗರಿಯ ಕತೆ ಮುದುಕನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಯಾರ ಗರಿ ಎಂದು ಅವರಿಗೂ ಗೊತ್ತಿಲ್ಲ.

ಬೆರಳು ಗುಂಡಿಯ ಮೇಲೆ ಎರಡು ಉಸಿರಿನಷ್ಟು ಹೊತ್ತು ತಡೆಯಿತು. ಆಮೇಲೆ ಒತ್ತಿದಳು.

"ಐದು, ಐದು. ನಾನು ನಿಮಿಯಾ. ನೀರಿನ ಬಾಟಲಿ ತೆಗೆದುಹಾಕಿ, ಈಗಲೇ. ಡೆರ್ಲಿಸ್‌ನ ಥರ್ಮೋಸಿನ ನೀರು ಯಾರಿಗೂ ಕೊಡ್ಬೇಡಿ. ಅದರಲ್ಲಿ ಮಾಟದ ಗಂಟಿದೆ. ಕವುರೆ ಗರಿ. ಹಾಕಿದ್ದು ನಾನೇ. ನನ್ನ ಗಂಡ ನನ್ನ ಬಿಟ್ಟು ಹೋಗ್ಬಾರದು ಅಂತ ಹಾಕಿದ್ದೆ."

ರೇಡಿಯೋ ಗರಗರ ಎಂದಿತು. ಗೂಡಿನ ಕಾವಲುಗಾರ ನೆಲ ನೋಡಿದ.

"ನಿಮೀ..." ಡೆರ್ಲಿಸ್‌ನ ದನಿ ಒಡೆದಿತ್ತು. "ಮೂರನೇ ಗಾಡಿಗೆ ಆ ನೀರು ಹಾಕ್ತಿದ್ದಿದ್ದು ನಾನು. ಮಗ್ನೋಲಿಯಾ ಪಾಳಿ ಮುಗಿಸಿ ಇಳಿದು ಹೋದ್ಮೇಲೆ. ಒಣ ಗಾಳಿ ಗಂಟಲು ಸುಡುತ್ತಲ್ಲ, ತಣ್ಣಗಿದ್ರೆ ಪಾಪ ಹಿತವಾಗಿರುತ್ತೆ ಅಂತ. ಐದಕ್ಕೆ ಹಾಕಿಲ್ಲ. ದೇವರಾಣೆ ಹಾಕಿಲ್ಲ."

ಹಿಂದಿನಿಂದ ಮಗ್ನೋಲಿಯಾ ಗಟ್ಟಿಯಾಗಿ ಹೇಳಿದಳು: "ಇಲ್ಲಿ ಬಾಟಲಿ ಖಾಲಿ ಇದೆ. ಅಜ್ಜಿ ಉಸಿರಾಡ್ತಿದ್ದಾಳೆ."

ನಿಮಿಯಾಳ ಕಣ್ಣಲ್ಲಿ ನೀರು ತುಂಬಿತು. "ಥರ್ಮೋಸು ಭದ್ರವಾಗಿಡು ಡೆರ್ಲಿಸ್. ಮುಟ್ಬೇಡ. ಪರೀಕ್ಷೆಗೆ ಬೇಕು."

ಅವಳು ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದಳು.

"ಡೆರ್ಲಿಸ್? ಥರ್ಮೋಸು ಎಲ್ಲಿ?"

"ಅವನು ಹೇಳಲ್ಲ," ಎಂದಳು ಮಗ್ನೋಲಿಯಾ. ಅವಳ ದನಿಯಲ್ಲಿ ಈಗ ಚುಚ್ಚು ಇರಲಿಲ್ಲ. "ನಾನು ಹೇಳ್ಬಾರದು ಅಂತಿದ್ದೆ, ಇನ್ನು ಹೇಳದೆ ವಿಧಿಯಿಲ್ಲ. ಥರ್ಮೋಸು ಗಾಡೀಲಿಲ್ಲ. ದಿನಾ ಈ ಹೊತ್ತಿಗೆ ಅದು ಹಿಂಬಾಗಿಲಿಂದ ಎರಡನೇ ಮಹಡಿಗೆ ಹೋಗುತ್ತೆ. ಪೆತ್ರೋನಾ ಹತ್ರ. ಐದು ತಿಂಗಳಿಂದ."

ನಿಮಿಯಾ ಮೈಕು ಕೆಳಗಿಡುವುದನ್ನೂ ಮರೆತು ಗೂಡಿನಿಂದ ಹೊರಗೆ ಬಂದಳು. ತಂತಿ ಜಗ್ಗಿ ನಿಂತಿತು.

ಡ್ರಾಯರಿನಲ್ಲಿದ್ದ ನೀರಿನ ಚೀಟಿ ಬರೀ ಮೂರಲ್ಲ. ಅವುಗಳ ಕೆಳಗೆ ನಾಲ್ಕನೆಯದೊಂದು ಸಿಕ್ಕಿಹಾಕಿಕೊಂಡಿತ್ತು. ಮಕ್ಕಳ ವಾರ್ಡಿನದು; ಅಲ್ಲಿಗೂ ಸೀಲ್ ಮಾಡಿದ ನೀರು ಹೋಗಿರಲಿಲ್ಲ. ಅಲ್ಲಿ ಒಂಬತ್ತು ಹಾಸಿಗೆ, ಆಮ್ಲಜನಕದ ಒಂಬತ್ತು ಬಾಟಲಿ. ಎರಡು ಮಕ್ಕಳಿಗೆ ನಿನ್ನೆಯಿಂದ ಜ್ವರ. ಮುಚ್ಚಳದೊಳಗೆ ಏನಿದೆ ಎಂದು ನಿಮಿಯಾಳ ಹೊರತು ಈ ಊರಿನಲ್ಲಿ ಗೊತ್ತಿದ್ದದ್ದು ಇನ್ನೊಬ್ಬಳಿಗೆ ಮಾತ್ರ. ಅಜ್ಜಿಯ ಮನೆಗೆ ಕೈಹಿಡಿದು ಕರೆದುಕೊಂಡು ಹೋದವಳಿಗೆ.

ಅವಳು ತಲೆಯೆತ್ತಿದಳು. ಎರಡನೇ ಮಹಡಿಯ ಕಿಟಕಿಯ ಕಟ್ಟೆಯ ಮೇಲೆ ಚರ್ಮದ ಹೊದಿಕೆಯ ಥರ್ಮೋಸು ಇತ್ತು. ಪಕ್ಕದಲ್ಲಿ ಪೆತ್ರೋನಾ ನಿಂತು ಕೆಳಗೆ ನೋಡುತ್ತಿದ್ದಳು. ರೇಡಿಯೋ ಅವಳ ವಾರ್ಡಿಗೂ ಕೇಳುತ್ತಿತ್ತೋ ಏನೋ.

"ಪೆತ್ರೋನಾ! ಅದನ್ನ ಮುಟ್ಬೇಡ! ಅಲ್ಲೇ ಬಿಡು!" ನಿಮಿಯಾ ಗಂಟಲು ಹರಿಯುವಂತೆ ಕೂಗಿದಳು.

ಪೆತ್ರೋನಾಳ ತುಟಿ ಆಡಿತು. ಏನು ಹೇಳಿದಳೋ ಕೇಳಿಸಲಿಲ್ಲ. ಅವಳು ಥರ್ಮೋಸನ್ನು ಎತ್ತಿಕೊಂಡಳು, ಮುಚ್ಚಳ ತಿರುವಿದಳು, ಹಾಸಿಗೆಗಳ ಪಕ್ಕದ ಬಾಟಲಿಗಳ ಕಡೆಗೆ ತಿರುಗಿ ನಡೆದಳು.